ಮಠದ ಬಾಗಿಲು, ಠಾಣೆಯ ಲೆಕ್ಕ

(ಸೇಡಂನಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಇಂದಿನ ಗೋಷ್ಠಿಗೆ ‘ದಾಸೋಹ ಮತ್ತು ಕಾನೂನು’ ಎಂಬ ವಿಷಯವನ್ನು ಕೊಟ್ಟಿದ್ದೀರಿ. ಈ ವಿಷಯ ಸುಮ್ಮನೆ ಬಂದದ್ದಲ್ಲ. ತೊಗರಿ ರಾಶಿಯ ಕಾಲಕ್ಕೆ, ಕಾರ್ಖಾನೆಯ ದುರಸ್ತಿ ಕೆಲಸದ ಕಾಲಕ್ಕೆ ಹೊರರಾಜ್ಯದ ಕೂಲಿಕಾರರು ನಮ್ಮ ಕಡೆ ಬರುತ್ತಾರೆ. ಬಾಡಿಗೆಗೆ ಖೋಲಿ ಸಿಗುವವರೆಗೆ ಕೆಲವರು ಮಠದ ಪಡಸಾಲೆಯಲ್ಲಿ ಮಲಗುತ್ತಾರೆ, ದಾಸೋಹದಲ್ಲಿ ಉಣ್ಣುತ್ತಾರೆ. ಇವರಲ್ಲಿ ಬಾಂಗ್ಲಾದೇಶದವರೂ ಇರಬಹುದು, ಹೆಸರು ಬರೆದು ಠಾಣೆಗೆ ಕೊಟ್ಟುಬಿಡೋಣ ಎಂದು ನಮ್ಮ ಸಮಿತಿಯಲ್ಲಿ ಕೆಲವರು ಹೇಳಿದ್ದಾರೆ. ಮಠದ ಕೆಲಸ ಅದಲ್ಲ ಎಂದು ಇನ್ನು ಕೆಲವರು ಹೇಳಿದ್ದಾರೆ. ಗೋಷ್ಠಿ ಮುಗಿದ ಮೇಲೆ ಸಮಿತಿ ಕೂತು ತೀರ್ಮಾನ ಮಾಡಲಿದೆ. ಮೂವತ್ತು ವರ್ಷ ಈ ಭಾಗದ ಕೋರ್ಟುಗಳಲ್ಲಿ ಕರಿಕೋಟು ಹಾಕಿದವನು ಎಂಬ ಕಾರಣಕ್ಕೆ ನನ್ನನ್ನು ಮಾತಿಗೆ ಕರೆದಿದ್ದೀರಿ. ಎರಡೂ ಕಡೆಯವರು ನನಗೆ ಬೇಕಾದವರೇ. ಇಬ್ಬರೂ ಕೇಳಿಸಿಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ.

ಮೊದಲು ನಮ್ಮ ಸೀಮೆ ಎಂಥದು ಎಂದು ನೋಡೋಣ. ವಾಡಿ ಜಂಕ್ಷನ್ನಿನಲ್ಲಿ ಮುಂಬೈ–ಚೆನ್ನೈ ದಾರಿಯಿಂದ ಹೈದರಾಬಾದಿನ ದಾರಿ ಒಡೆಯುತ್ತದೆ. 1874ರಲ್ಲಿ ನಿಜಾಮರ ರೈಲು ಆ ದಾರಿಯಲ್ಲಿ ಓಡಲು ಶುರುವಾಯಿತು. ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಎಲ್ಲ ಅದೇ ಹಳಿಯ ಮೇಲಿವೆ. ವಾಡಿಯ ಸಿಮೆಂಟು, ಮಳಖೇಡ–ಸೇಡಂ ಸಿಮೆಂಟು, ಶಹಾಬಾದದ ಫರ್ಸಿ ಕಲ್ಲಿನ ಖಣಿಗಳು, ಪಾಲಿಷ್ ಮಷೀನುಗಳು, ಇವೆಲ್ಲ ನಮ್ಮ ಊರವರ ಕೈಯಿಂದಷ್ಟೇ ನಡೆದಿಲ್ಲ. ತೆಲುಗಿನವರು, ಮರಾಠಿಯವರು ಬಂದರು, ಆಮೇಲೆ ಬಿಹಾರ, ಒಡಿಶಾ, ಉತ್ತರ ಪ್ರದೇಶ, ಬಂಗಾಳದವರು ಬಂದರು. ಬಂದವರ ಮಕ್ಕಳು ಇಲ್ಲೇ ಕನ್ನಡ ಶಾಲೆಗೆ ಹೋಗಿ ನಮ್ಮಂತೆಯೇ ಮಾತಾಡುತ್ತಿದ್ದಾರೆ.

ಅದೇ ಹಳಿಯ ಮೇಲೆ ನಮ್ಮವರೂ ಹೊರಗೆ ಹೋಗುತ್ತಾರೆ. ಚಿಂಚೋಳಿಯ ತಾಂಡಾಗಳಲ್ಲಿ ದೀಪಾವಳಿ ಮುಗಿಯುತ್ತಲೇ ಮನೆಗಳಿಗೆ ಕೀಲಿ ಬೀಳುತ್ತದೆ. ಕೆಲವರು ಕಬ್ಬು ಕಡಿಯಲಿಕ್ಕೆ, ಕೆಲವರು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಮುಂಬೈಯಿಂದ ಬಂದ ನಮ್ಮದೇ ಮಕ್ಕಳನ್ನು ಊರ ಹೊರಗಿನ ಶಾಲೆಯಲ್ಲಿ ಇರಿಸಿದ್ದು ನೀವು ಮರೆತಿಲ್ಲ. ನಮ್ಮ ಊರಿನಲ್ಲಿ ಹೊರಗಿನವನೆಂದು ಕರೆಸಿಕೊಳ್ಳುವವನು ತನ್ನ ಊರಿನಲ್ಲಿ ಮನೆಮಗ. ನಮ್ಮ ಮನೆಮಗ ಇನ್ನೊಂದು ಊರಿನಲ್ಲಿ ಹೊರಗಿನವನು. ಇದು ಮನಸ್ಸಿನಲ್ಲಿದ್ದರೆ ಮುಂದಿನ ಮಾತು ತಿಳಿಯಲು ಕಷ್ಟವಿಲ್ಲ.

ಈಗ ಕಾನೂನಿಗೆ ಬರೋಣ. ಯಾರು ಈ ದೇಶದ ಪ್ರಜೆ, ಯಾರು ವಿದೇಶಿ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ಕಳಿಸಬೇಕು ಎಂಬುದೆಲ್ಲ ಸಂವಿಧಾನದ 7ನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಗೆ ಸೇರಿದ್ದು. ಪೊಲೀಸು ಮತ್ತು ಸಾರ್ವಜನಿಕ ಶಾಂತಿ ರಾಜ್ಯದ ಪಟ್ಟಿಗೆ ಸೇರಿದ್ದು. ಆದರೆ ದೆಹಲಿಯಲ್ಲಿ ಕೂತು ವಾಡಿಯ ಖೋಲಿಯಲ್ಲಿ ಯಾರಿದ್ದಾರೆಂದು ನೋಡಲಾಗದು. ಹೀಗಾಗಿ 1958ರಲ್ಲಿ ಕೇಂದ್ರವು ವಿದೇಶಿಯರ ಕಾಯ್ದೆಯ ಕೆಲವು ಅಧಿಕಾರಗಳನ್ನು ರಾಜ್ಯ ಸರ್ಕಾರಗಳಿಗೆ ವಹಿಸಿಕೊಟ್ಟಿತು. ಅಂದಿನಿಂದ ಈ ಕೆಲಸ ಕೊನೆಗೆ ಬಂದು ನಿಲ್ಲುವುದು ನಮ್ಮ ಊರಿನ ಠಾಣೆಯಲ್ಲಿ.

ಕಳೆದ ವರ್ಷಗಳಲ್ಲಿ ಇದು ಇನ್ನೂ ಬಿಗಿಯಾಗಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದುಹಾಕಿ, ಸಂಸತ್ತು 2025ರಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆಯನ್ನು ಮಾಡಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಅದು ಜಾರಿಯಲ್ಲಿದೆ. ಸರಿಯಾದ ಪಾಸ್‌ಪೋರ್ಟ್ ಇಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮುಖ್ಯ ಪೇದೆಯ ದರ್ಜೆಗೆ ಕಡಿಮೆಯಿಲ್ಲದ ಯಾವ ಪೊಲೀಸನಾದರೂ ವಾರಂಟಿಲ್ಲದೆ ಹಿಡಿಯಬಹುದು. ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆ, ಹಳೆಯ ಕಾಯ್ದೆಯಲ್ಲಿ ಇದ್ದಂತೆಯೇ, ಸಿಕ್ಕಿಬಿದ್ದವನ ಮೇಲೆಯೇ ಇದೆ. ಕಳ್ಳತನದ ಕೇಸಿನಲ್ಲಿ ಕಳ್ಳನೆಂದು ಸರ್ಕಾರ ತೋರಿಸಬೇಕು. ಇಲ್ಲಿ ಹಾಗಲ್ಲ, ನಾನು ಈ ದೇಶದವನೆಂದು ಕೂಲಿಕಾರನೇ ತೋರಿಸಬೇಕು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಕಳ್ಳದಾರಿಯಿಂದ ಗಡಿ ದಾಟಿ ಬಂದವರನ್ನು ಪತ್ತೆ ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಗಡಿ ಕಾಯುವುದು ಯಾವ ದೇಶಕ್ಕಾದರೂ ಇರುವ ಹಕ್ಕು. ಹೆಣ್ಣುಮಕ್ಕಳನ್ನು ಗಡಿ ದಾಟಿಸಿ ಮಾರುವ ದಲ್ಲಾಳಿಗಳಿದ್ದಾರೆ, ಸುಳ್ಳು ದಾಖಲೆ ಮಾಡಿಕೊಡುವವರಿದ್ದಾರೆ. ಅವರನ್ನು ಹಿಡಿಯಲೇಬೇಕು. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ಅಧಿಕಾರವನ್ನು ಠಾಣೆಯ ಮುಖ್ಯ ಪೇದೆಯ ಕೈಗೆ ಕೊಟ್ಟ ಮೇಲೆ, ಆ ಕೈಯನ್ನು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆ ಯಾಕೆ ಮುಖ್ಯವೆಂದು ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳುತ್ತೇನೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿಕಾರರ ಗುಡಿಸಲುಗಳನ್ನು ಯಂತ್ರ ತಂದು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶದ ಅಕ್ರಮ ವಲಸಿಗರು ಎಂಬ ಮಾತು ಹಬ್ಬಿತ್ತು. ಪೊಲೀಸರು ಜಾಗದ ಮಾಲೀಕರಿಗೆ ಪತ್ರವನ್ನೂ ಬರೆದಿದ್ದರು. ಗುಡಿಸಲು ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾ, ಬಂಗಾಳದವರಿದ್ದರು, ಅವರೊಡನೆ ಉತ್ತರ ಕರ್ನಾಟಕದಿಂದ ದುಡಿಯಲು ಹೋದ ನಮ್ಮ ಕನ್ನಡದ ಜನರೂ ಇದ್ದರು. ಕನ್ನಡ ಮಾತಾಡುವ ಕೂಲಿಯವನ ತಗಡಿನ ಮನೆ ಕನ್ನಡ ನಾಡಿನ ರಾಜಧಾನಿಯಲ್ಲೇ ಬಾಂಗ್ಲಾದೇಶದ ಹೆಸರಿನಲ್ಲಿ ನೆಲಸಮವಾಯಿತು. ಮಾನವ ಹಕ್ಕುಗಳ ಸಂಘಟನೆಯವರು ಹೈಕೋರ್ಟಿಗೆ ಹೋದರು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವಿಗೆ ತಡೆ ಕೊಟ್ಟಿತು. ಯಾವ ಕಾನೂನಿನ ಬಲದಿಂದ ಪೊಲೀಸರು ಈ ಕೆಲಸಕ್ಕೆ ಕೈಹಾಕಿದರೆಂದು ಕೇಳಿತು. ಮನೆ ಕಳೆದುಕೊಂಡವರಿಗೆ ಸರ್ಕಾರವೇ ನೆಲೆ ಮಾಡಿಕೊಡಬೇಕೆಂದು ಹೇಳಿತು. ನಿಮ್ಮ ತಾಲೂಕಿನಿಂದ ಬೆಂಗಳೂರಿಗೆ ದುಡಿಯಲು ಹೋದ ಯಾರಾದರೂ ಆ ಗುಡಿಸಲುಗಳಲ್ಲಿ ಇದ್ದಿರಬಹುದಿತ್ತು.

ಮುಖ ನೋಡಿ, ಮಾತು ಕೇಳಿ, ಲುಂಗಿ ನೋಡಿ ದೇಶ ಯಾವುದೆಂದು ಹೇಳಲಾಗದು. ಮುರ್ಶಿದಾಬಾದಿನವನ ಬಂಗಾಳಿ ಗಡಿಯ ಈಚೆಯದೋ ಆಚೆಯದೋ ಎಂದು ಸೇಡಂನಲ್ಲಿ ಹುಟ್ಟಿದ ನಾವು ಹೇಗೆ ಹೇಳಬಲ್ಲೆವು? ಚಿಂಚೋಳಿಯ ನಮ್ಮ ಅಕ್ಕನ ಕನ್ನಡದಲ್ಲಿ ತೆಲುಗೂ ಉರ್ದುವೂ ಬೆರೆತಿವೆ. ಮೈಸೂರಿನವರು ಅದನ್ನು ಕೇಳಿ ‘ನೀವು ಕರ್ನಾಟಕದವರಾ?’ ಎಂದು ಕೇಳಿದ್ದಿಲ್ಲವೇ?

ಹಾಗಾದರೆ ಕಾಗದ ನೋಡೋಣ ಎನ್ನುತ್ತೀರಿ. ಕಾಗದದ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 371(ಜೆ) ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಅಲೆಯದ ಮನೆ ಈ ಸಭೆಯಲ್ಲಿ ಇದೆಯೇ? ಇಲ್ಲೇ ಹುಟ್ಟಿದವರು, ಇಲ್ಲವೇ 2013ರ ಜನವರಿ 1ಕ್ಕೆ ಮೊದಲು 10 ವರ್ಷ ಇಲ್ಲಿ ವಾಸವಿದ್ದವರು ಎಂದು ತೋರಿಸಬೇಕು. ಇದೇ ಮಣ್ಣಿನಲ್ಲಿ ಏಳು ತಲೆಮಾರಿನಿಂದ ಇರುವವರಿಗೂ ಶಾಲೆಯ ಟಿಸಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಪಡಿತರ ಚೀಟಿಯಲ್ಲಿ ಮತ್ತೊಂದು. ಟಿಸಿಯಲ್ಲಿ ‘ಶರಣಪ್ಪ’ ಇದ್ದವನು ಆಧಾರಿನಲ್ಲಿ ‘ಶರಣಬಸಪ್ಪ’ ಆಗಿರುತ್ತಾನೆ. ಮದುವೆಯಾಗಿ ಬಂದ ಸೊಸೆಗೆ ತವರಿನ ಕಾಗದವೇ ಇರುವುದಿಲ್ಲ. ಓದು ಬಲ್ಲ, ಸ್ವಂತ ಊರಿನಲ್ಲಿರುವ ನಮಗೇ ಇಷ್ಟು ಕಷ್ಟ. ಎರಡು ಸಾವಿರ ಕಿಲೋಮೀಟರ್ ದೂರದಿಂದ ಒಂದು ಚೀಲ ಹೊತ್ತು ಬಂದವನ ಪಾಡೇನು?

ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪೌರತ್ವದ ನೋಂದಣಿ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಅದರಿಂದ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ದೇಶದ ಸೈನ್ಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಒಬ್ಬನನ್ನು ವಿದೇಶಿಯೆಂದು ಅದೇ ವರ್ಷ ಬಂಧನ ಕೇಂದ್ರಕ್ಕೆ ಹಾಕಿದ್ದರು. ಅಸ್ಸಾಮಿನದೇ ಇನ್ನೊಂದು ಪ್ರಕರಣದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮುಖ್ಯವಾದ ಮಾತು ಹೇಳಿತು. ಹೊಣೆ ಆಪಾದಿತನ ಮೇಲಿದೆ ಎಂದ ಮಾತ್ರಕ್ಕೆ ಅಧಿಕಾರಿಗಳು ಕಂಡಕಂಡವರನ್ನು ಕರೆದು ‘ನೀನು ಭಾರತೀಯನೆಂದು ತೋರಿಸು’ ಎನ್ನುವಂತಿಲ್ಲ. ಅನುಮಾನಕ್ಕೆ ಮೊದಲು ಅವರ ಬಳಿ ಏನಾದರೂ ಆಧಾರ ಇರಬೇಕು, ಅದನ್ನು ಆತನಿಗೆ ತಿಳಿಸಬೇಕು. ಹೆಸರಿನ ಅಕ್ಷರದಲ್ಲಿ ಸಣ್ಣ ವ್ಯತ್ಯಾಸವಿದ್ದರೆ ಅದೊಂದರಿಂದಲೇ ಮನುಷ್ಯ ವಿದೇಶಿಯಾಗುವುದಿಲ್ಲ. ಆತ ಭಾರತೀಯನೇ ಎಂದು ಕೋರ್ಟು ಸಾರಿತು. ಆದರೆ ಅಷ್ಟರಲ್ಲಿ ಆತ ತೀರಿಕೊಂಡಿದ್ದ.

ಇಲ್ಲಿ ನಮ್ಮ ನೆಲದ ಒಬ್ಬ ಪಂಡಿತನನ್ನು ನೆನೆಯಬೇಕು. ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ಶಹಾಬಾದ ಪಕ್ಕದ ಮರ್ತೂರಿನವನೆಂದು ಹೇಳುತ್ತಾರೆ. ಕಲ್ಯಾಣದ ಚಾಲುಕ್ಯರ ಕಾಲದವನು. ಅವನು ವ್ಯಾಖ್ಯಾನ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಸ್ಮೃತಿಗಳ ವರ್ಣವ್ಯವಸ್ಥೆಯನ್ನು ಶರಣರು ಒಪ್ಪಲಿಲ್ಲ, ನಾವೂ ಒಪ್ಪುವುದಿಲ್ಲ. ಆದರೆ ಒಬ್ಬನ ಹಕ್ಕನ್ನು ತೀರ್ಮಾನಿಸಲು ಆ ಗ್ರಂಥದಲ್ಲೂ ಮೂರು ಮನುಷ್ಯ ಪ್ರಮಾಣಗಳಿವೆ: ಬರಹ, ಅನುಭೋಗ, ಸಾಕ್ಷಿ. ಬರಹವೊಂದೇ ಪ್ರಮಾಣವಲ್ಲ. ಒಬ್ಬ ಎಷ್ಟು ಕಾಲದಿಂದ ಅಲ್ಲಿ ಬದುಕುತ್ತಿದ್ದಾನೆ, ನೆರೆಯವರು ಏನು ಹೇಳುತ್ತಾರೆ ಎಂಬುದೂ ಪ್ರಮಾಣವೇ. ಒಂಬೈನೂರು ವರ್ಷದ ಹಿಂದೆ ಕಾಗಿಣಾ ಸೀಮೆಯ ಪಂಡಿತನಿಗೆ ತಿಳಿದಿದ್ದ ಈ ಸಂಗತಿ, ಆಧಾರ್ ಕಾರ್ಡಿನ ಅಕ್ಷರ ನೋಡಿ ತೀರ್ಮಾನ ಮಾಡುವ ಇಂದಿನವರಿಗೆ ತಿಳಿಯಬೇಡವೇ?

ನಾನೇ ನಿಂತು ನೋಡಿದ ಒಂದು ಪ್ರಸಂಗ ಹೇಳುತ್ತೇನೆ. ಹೆಸರೂ ಬೇಡ, ಠಾಣೆಯೂ ಬೇಡ. ಫರ್ಸಿ ಪಾಲಿಷ್ ಮಾಡುವ ಒಬ್ಬ ಬಂಗಾಳದ ಹುಡುಗನನ್ನು ಸಂಜೆ ಸಂತೆಯಿಂದ ಬರುವಾಗ ಕರೆದೊಯ್ದರು. ಫೋನು ಕಿತ್ತುಕೊಂಡರು. ಎರಡು ರಾತ್ರಿ ಠಾಣೆಯ ಪಡಸಾಲೆಯಲ್ಲಿ ಕೂರಿಸಿದರು. ಬಂಧನದ ಪತ್ರವಿಲ್ಲ, ಕಾರಣ ಹೇಳಿಲ್ಲ. ಹೆಂಡತಿ ಕೈಗೂಸು ಎತ್ತಿಕೊಂಡು ಗೇಟಿನ ಹೊರಗೆ ಕೂತಿದ್ದಳು. ಆಕೆಗೆ ನಮ್ಮ ಮಾತು ಬಾರದು. ಮೂರನೆಯ ದಿನ ನಾನು ಹೋದೆ. ಅವನ ಮತದಾರರ ಚೀಟಿ, ಊರಿನ ಶಾಲೆಯ ಪತ್ರ ತೋರಿಸಿದ ಮೇಲೆ ಬಿಟ್ಟರು. ‘ಪರಿಶೀಲನೆ ಮುಗೀತು, ಹೋಗಲಿ’ ಎಂದರು. ಅವನು ಒಳಗಿದ್ದ ಎಂಬುದಕ್ಕೆ ಒಂದು ಸಾಲಿನ ಕಾಗದವೂ ಕೊಡಲಿಲ್ಲ. ಅಷ್ಟರಲ್ಲಿ ಖೋಲಿಯ ಮಾಲೀಕ ಸಾಮಾನು ಹೊರಗೆ ಹಾಕಿದ್ದ, ಗುತ್ತೇದಾರ ಬೇರೆಯವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ. ಎಂಟು ದಿನದ ಕೂಲಿಯೂ ಸಿಗಲಿಲ್ಲ. ಅವನು ಊರಿಗೆ ಹೊರಟುಹೋದ.

ಬರುವಾಗ ಒಬ್ಬ ಎಳೆಯ ಪೊಲೀಸಪ್ಪ ನನ್ನ ಜೊತೆ ಗೇಟಿನವರೆಗೆ ಬಂದ. ನಮ್ಮ ಕಡೆಯ ಹುಡುಗನೇ. ‘ವಕೀಲ್ ಸಾಹೇಬ್ರ, ನಮಗೂ ಮ್ಯಾಲಿಂದ ಲೆಕ್ಕ ಕೇಳ್ತಾರ್ರಿ. ಇಷ್ಟು ಮಂದೀನ ಚೆಕ್ ಮಾಡೀವಿ ಅಂತ ತೋರಿಸ್ಬೇಕಾಗ್ತದ. ನಾವೇನ್ ಮಾಡೂದ್ರಿ?’ ಎಂದ.

ಆ ಹುಡುಗನ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಠಾಣೆ ಮೇಲಕ್ಕೆ ಲೆಕ್ಕ ಕೊಡುತ್ತದೆ. ಕೆಳಕ್ಕೆ, ಅಂದರೆ ಹಿಡಿದವನಿಗೆ, ಅವನ ಹೆಂಡತಿಗೆ, ಊರಿಗೆ ಲೆಕ್ಕ ಕೊಡುವುದಿಲ್ಲ. ಹೀಗಿರುವಾಗ ಎಷ್ಟು ಒಳ್ಳೆಯ ಪೊಲೀಸನೂ ಸಂಖ್ಯೆ ತುಂಬಿಸಲು ಬಡವನನ್ನೇ ಹುಡುಕುತ್ತಾನೆ, ಯಾಕೆಂದರೆ ಬಡವ ತಿರುಗಿ ಕೇಳುವುದಿಲ್ಲ.

ಶರಣ ಬಂಧುಗಳೇ, ಅಧಿಕಾರದಲ್ಲಿರುವವನು ಲೆಕ್ಕ ಕೊಡಬೇಕೆಂಬ ಮಾತು ನಮಗೆ ಹೊಸದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಚಾಡಿ ಹೋದಾಗ, ಅವರು ಸಿಟ್ಟಾಗಿ ಹೊರಟುಹೋಗಲಿಲ್ಲ, ನನ್ನನ್ನೇ ಅನುಮಾನಿಸುತ್ತೀರಾ ಎಂದು ಕೂಗಲಿಲ್ಲ. ಭಂಡಾರದ ಬಾಗಿಲು ತೆರೆದು ಎಣಿಸಿಕೊಳ್ಳಿ ಎಂದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಪ್ರಾಮಾಣಿಕನಾದ ಅಧಿಕಾರಿಗೆ ಲೆಕ್ಕ ಕೊಡುವುದು ಅವಮಾನವಲ್ಲ, ಅದೇ ಅವನ ರಕ್ಷಣೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳೂ ಪ್ರಶ್ನೆಗೆ ಹೊರತಾಗಿರಲಿಲ್ಲ. ಹೆಚ್ಚು ಅಕ್ಕಿ ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಾಯಿ ಮನೆಯ ಹೊಸ್ತಿಲಲ್ಲೇ ಪ್ರಶ್ನಿಸಿದಳು.

ನಮ್ಮ ಕಾಲದಲ್ಲಿ ಇದಕ್ಕೆ ಕಾನೂನಿನ ರೂಪ ಬಂದದ್ದು ಹೇಗೆ? ಉತ್ತರ ಪ್ರದೇಶದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರಕಾಶ್ ಸಿಂಗ್ ಅವರೇ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪೊಲೀಸರನ್ನು ತಿದ್ದಬೇಕೆಂದು ಕೇಳಿದವರು ಪೊಲೀಸರೇ ಎಂಬುದನ್ನು ಗಮನಿಸಿ. ಹತ್ತು ವರ್ಷದ ನಂತರ, 2006ರ ಸೆಪ್ಟೆಂಬರ್ 22ರಂದು ಕೋರ್ಟು ಏಳು ನಿರ್ದೇಶನ ಕೊಟ್ಟಿತು. ರಾಜಕಾರಣಿಗಳು ಪೊಲೀಸರನ್ನು ಮನಬಂದಂತೆ ಆಡಿಸದಂತೆ ಒಂದು ರಾಜ್ಯ ಭದ್ರತಾ ಆಯೋಗ ಬೇಕು. ಠಾಣೆಯ ಅಧಿಕಾರಿಯನ್ನು ಎರಡು ವರ್ಷಕ್ಕೆ ಮೊದಲು ಎತ್ತಿ ಹಾಕಬಾರದು. ವರ್ಗಾವಣೆಗೆ ಒಂದು ಮಂಡಳಿ ಇರಬೇಕು. ಇವುಗಳ ಜೊತೆಗೆ, ಪೊಲೀಸರ ವಿರುದ್ಧ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ದೂರು ಪ್ರಾಧಿಕಾರ ಇರಬೇಕು. ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಜಿಲ್ಲೆಯಲ್ಲಿ, ಎಸ್‌ಪಿ ಮತ್ತು ಮೇಲಿನವರದು ರಾಜ್ಯದಲ್ಲಿ. ಠಾಣೆಯಲ್ಲಿ ಸಾವು, ಗಂಭೀರ ಗಾಯ, ಅತ್ಯಾಚಾರ, ಇವಲ್ಲದೆ ಜಿಲ್ಲೆಯ ಪ್ರಾಧಿಕಾರ ಹಣ ಸುಲಿಗೆ, ಮನೆ–ಜಮೀನು ಕಬಳಿಕೆ, ಅಧಿಕಾರದ ದುರುಪಯೋಗವನ್ನೂ ಕೇಳಬೇಕು. ಜಿಲ್ಲೆಯ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರಬೇಕೆಂದು ಕೋರ್ಟು ಹೇಳಿತು.

ಕರ್ನಾಟಕವು 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಆಯೋಗ, ಮಂಡಳಿ, ದೂರು ಪ್ರಾಧಿಕಾರಗಳನ್ನು ಸೇರಿಸಿತು. ಪುಸ್ತಕದಲ್ಲಿ ಇದೆ. ಈಗ ಈ ಸಭೆಯಲ್ಲಿ ಕೇಳುತ್ತೇನೆ, ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರಕ್ಕೆ ಅರ್ಜಿ ಎಲ್ಲಿ ಕೊಡಬೇಕೆಂದು ಗೊತ್ತಿರುವವರು ಕೈ ಎತ್ತಿ. (ಸಭೆಯಲ್ಲಿ ಇಬ್ಬರು ಕೈ ಎತ್ತಿದರು.) ಇಬ್ಬರೂ ವಕೀಲರು! ಇಷ್ಟು ಮಂದಿಯಲ್ಲಿ ಇಬ್ಬರಿಗೆ ಗೊತ್ತಿದ್ದರೆ, ಕನ್ನಡ ಓದಲು ಬಾರದ ಬಂಗಾಳದ ಹೆಣ್ಣುಮಗಳಿಗೆ ಹೇಗೆ ಗೊತ್ತಾಗಬೇಕು? ಠಾಣೆಯ ಗೋಡೆಯ ಮೇಲೆ ಆ ವಿಳಾಸ ದೊಡ್ಡ ಅಕ್ಷರದಲ್ಲಿ ಇರಬೇಕು. ಅದಕ್ಕೆ ಸರ್ಕಾರಕ್ಕೆ ಖರ್ಚಾಗುವುದು ಒಂದು ಡಬ್ಬಿ ಬಣ್ಣ.

ಇಲ್ಲಿ ನನ್ನ ಮುಖ್ಯ ಮಾತು ಬರುತ್ತದೆ. ಯಾರು ವಿದೇಶಿ ಎಂದು ಹೇಳುವ ಕಾಯ್ದೆ ಮಾಡಲು ನಮ್ಮ ವಿಧಾನಸೌಧಕ್ಕೆ ಅಧಿಕಾರವಿಲ್ಲ, ಅದು ದೆಹಲಿಯದು. ಆದರೆ ತನ್ನ ಪೊಲೀಸರು ಜನರೊಡನೆ ಹೇಗೆ ನಡೆದುಕೊಳ್ಳಬೇಕು, ಯಾರಿಗೆ ಲೆಕ್ಕ ಕೊಡಬೇಕು ಎಂದು ಹೇಳುವ ಪೂರ್ಣ ಅಧಿಕಾರ ವಿಧಾನಸೌಧಕ್ಕಿದೆ. ವಲಸೆಯ ಪರಿಶೀಲನೆ ನಡೆಯುವುದು ನಮ್ಮ ಪೊಲೀಸರ ಕೈಯಿಂದಲೇ ಆದ್ದರಿಂದ, ಬಡವನ ರಕ್ಷಣೆಗೆ ಇರುವ ಬಾಗಿಲು ಪೊಲೀಸ್ ಕಾಯ್ದೆಯೇ. ‘ಇದು ಕೇಂದ್ರದ ವಿಷಯ’ ಎಂದು ನಮ್ಮ ಶಾಸಕರು ಕೈತೊಳೆದುಕೊಳ್ಳುವಂತಿಲ್ಲ.

ಬೇರೆ ದೇಶದಲ್ಲೂ ಇದೇ ಚರ್ಚೆ ಇದೆ. ಅಮೆರಿಕದಲ್ಲೂ ವಲಸೆ ಕೇಂದ್ರದ ವಿಷಯ, ಊರಿನ ಪೊಲೀಸರು ರಾಜ್ಯದವರು. 2017ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ತನ್ನ ಪೊಲೀಸರು ವಲಸೆ ಹಿಡಿಯುವ ಕೆಲಸಕ್ಕೆ ಕೈಹಾಕುವುದಕ್ಕೆ ಮಿತಿ ಹಾಕಿತು. ಅದೇ ವರ್ಷ ಟೆಕ್ಸಾಸ್ ರಾಜ್ಯವು ಕೈಜೋಡಿಸಲೇಬೇಕೆಂದು ಕಾಯ್ದೆ ಮಾಡಿತು. ಮಿತಿ ಹಾಕಬೇಕೆಂದವರ ವಾದ ಸರಳ. ಪೊಲೀಸನನ್ನು ಕಂಡರೆ ಗಡೀಪಾರಿನ ಭಯವಾದರೆ, ಕಳ್ಳತನವಾದರೂ, ಹೆಣ್ಣಿನ ಮೇಲೆ ಕೈಯಾದರೂ ಆ ಜನ ಠಾಣೆಗೆ ಬರುವುದಿಲ್ಲ. ಅಪರಾಧ ಮುಚ್ಚಿಹೋಗುತ್ತದೆ. 2025ರ ಫೆಬ್ರವರಿಯಲ್ಲಿ ಅಮೆರಿಕವು 104 ಭಾರತೀಯರನ್ನು ಕೈಕೋಳ ಹಾಕಿ ಸೈನ್ಯದ ವಿಮಾನದಲ್ಲಿ ಅಮೃತಸರಕ್ಕೆ ತಂದಿಳಿಸಿದಾಗ ನಾವು ನೊಂದೆವು. ಅವರು ತಪ್ಪು ದಾರಿಯಿಂದ ಹೋಗಿದ್ದರೂ ಮನುಷ್ಯರಂತೆ ನಡೆಸಿಕೊಳ್ಳಬೇಕಿತ್ತು ಎಂದೆವು. ನಮ್ಮ ಮಕ್ಕಳಿಗೆ ಕೇಳುವ ನ್ಯಾಯವನ್ನು ನಮ್ಮ ಊರಿಗೆ ಬಂದವರಿಗೂ ಕೊಡಬೇಕಲ್ಲವೇ?

ಬಂದವನನ್ನು ಯಾರ ಪೈಕಿ ಎಂದು ವಿಚಾರಿಸುವ ಮೊದಲೇ ನಮ್ಮವನೆಂದು ಒಪ್ಪಿಕೊಳ್ಳಬೇಕೆಂದು ಬಸವಣ್ಣನವರು ಹೇಳಿದ ವಚನ ನಿಮಗೆಲ್ಲ ಬಾಯಿಪಾಠ. ಅದು ಬರೀ ಹಾಡಲಿಕ್ಕೆ ಇರುವುದಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ, ಆದಯ್ಯನವರು ಸೌರಾಷ್ಟ್ರದಿಂದ, ಮರುಳಶಂಕರದೇವರು ಅಫ್ಘಾನಿಸ್ತಾನದ ಕಡೆಯಿಂದ ಬಂದರೆಂದು ನಮ್ಮ ಪರಂಪರೆ ಹೇಳುತ್ತದೆ. ಕಲ್ಯಾಣದ ಬಾಗಿಲಲ್ಲಿ ಅವರಿಗೆ ಕಾಗದ ಕೇಳಿದ್ದರೆ ಆ ಶರಣ ಬಳಗ ಎಲ್ಲಿರುತ್ತಿತ್ತು?

ಇನ್ನೊಂದು ಮಾತೂ ಇದೆ. ಹರಳಯ್ಯ, ಮಧುವರಸರಿಗೆ ಮರಣದಂಡನೆಯಾದ ಮೇಲೆ ರಾಜನ ಸೈನ್ಯ ಶರಣರ ಬೆನ್ನಟ್ಟಿತು. ಚೆನ್ನಬಸವಣ್ಣನವರು ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಯ ಕಾಡು ಸೇರಿದರು. ದಾರಿಯಲ್ಲಿ ಯಾರದೋ ಮನೆ, ಯಾರದೋ ಊರು ಅವರನ್ನು ಒಳಗೆ ಕರೆದು ಅನ್ನ ಕೊಟ್ಟಿತು. ಆ ಊರವರು ಪಟ್ಟಿ ಮಾಡಿ ಸೈನ್ಯಕ್ಕೆ ಕೊಟ್ಟಿದ್ದರೆ ವಚನಗಳು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು? 1947–48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ನಮ್ಮ ಅಜ್ಜ–ಅಜ್ಜಿಯರು ನಿಜಾಮನ ಗಡಿ ದಾಟಿ ಸೊಲ್ಲಾಪುರ, ವಿಜಯಪುರದ ಕಡೆ ಓಡಿಹೋದರು. ಅವರ ಬಳಿ ಯಾವ ಕಾಗದವಿತ್ತು? ರಾತ್ರೋರಾತ್ರಿ ಬಂದವರಿಗೆ ಅಲ್ಲಿಯ ಜನ ರೊಟ್ಟಿ ಕೊಟ್ಟರು. ಆ ರೊಟ್ಟಿಯ ಋಣ ನಮ್ಮ ಮೇಲಿದೆ.

ನಿಮ್ಮ ಮನಸ್ಸಿನಲ್ಲಿರುವ ಎರಡು ಸಂಶಯಗಳಿಗೆ ಉತ್ತರ ಹೇಳಬೇಕು. ಹೊರಗಿನವರು ಕಡಿಮೆ ಕೂಲಿಗೆ ದುಡಿದು ನಮ್ಮ ಹುಡುಗರ ಕೆಲಸ ಕಸಿಯುತ್ತಾರೆ ಎಂಬುದು ಒಂದು. ಈ ಸಂಕಟ ಸುಳ್ಳಲ್ಲ. ಆದರೆ ಕಡಿಮೆ ಕೂಲಿ ಕೊಡುವವನು ಗುತ್ತೇದಾರ, ದುಡಿಯುವವನಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲೇ ಕಾಯ್ದೆ ಬಂತು. ಗುತ್ತೇದಾರ ಲೈಸೆನ್ಸ್ ಪಡೆಯಬೇಕು, ಕಾರ್ಮಿಕನಿಗೆ ಫೋಟೋ ಇರುವ ಪಾಸ್‌ಬುಕ್ ಕೊಡಬೇಕು, ಊರಿನವರಿಗೆ ಕೊಡುವಷ್ಟೇ ಕೂಲಿ ಕೊಡಬೇಕು ಎಂದು ಅದರಲ್ಲಿತ್ತು. ಆ ಪಾಸ್‌ಬುಕ್ ಪ್ರತಿಯೊಬ್ಬನ ಕೈಗೆ ಬಂದಿದ್ದರೆ ಕೂಲಿಯೂ ಸರಿಯಾಗುತ್ತಿತ್ತು, ಪೊಲೀಸರು ಕೇಳಿದಾಗ ತೋರಿಸಲು ಒಂದು ಕಾಗದವೂ ಇರುತ್ತಿತ್ತು. ಮೊದಲು ಅದನ್ನು ಕೇಳೋಣ.

ಎರಡನೆಯದು, ಕಾನೂನು ಪಾಲಿಸದಿದ್ದರೆ ಮಠಕ್ಕೇ ತೊಂದರೆಯಾಗುವುದಿಲ್ಲವೇ ಎಂಬುದು. ನ್ಯಾಯವಾದ ಪ್ರಶ್ನೆ. ವಿದೇಶಿಯನ್ನು ವಸತಿಗೆ ಇರಿಸಿಕೊಂಡವರು ಮಾಹಿತಿ ಕೊಡಬೇಕೆಂಬ ಕರ್ತವ್ಯ ಕಾಯ್ದೆಯಲ್ಲಿದೆ. ಪಾಸ್‌ಪೋರ್ಟಿನ ಮೇಲೆ ಬಂದ ವಿದೇಶಿ ಯಾತ್ರಿ ಮಠದಲ್ಲಿ ಉಳಿದರೆ ಅದನ್ನು ಪಾಲಿಸೋಣ. ಆದರೆ ಬಿಹಾರದವನು, ಒಡಿಶಾದವನು, ಬಂಗಾಳದವನು ವಿದೇಶಿಯಲ್ಲ. ದೇಶದ ಯಾವ ಮೂಲೆಗಾದರೂ ಹೋಗುವ, ಅಲ್ಲಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಅದೇ ಹಕ್ಕಿನ ಮೇಲೆ ನಿಮ್ಮ ಮಗ ಪುಣೆಯಲ್ಲಿದ್ದಾನೆ. ಇನ್ನು 14 ಮತ್ತು 21ನೇ ವಿಧಿಗಳು ಪ್ರಜೆಗಷ್ಟೇ ಅಲ್ಲ, ‘ಯಾವುದೇ ವ್ಯಕ್ತಿ’ಗೆ ರಕ್ಷಣೆ ಕೊಡುತ್ತವೆ. ವಿದೇಶಿಯನ್ನು ಹಿಡಿದರೂ ಕಾನೂನಿನ ಪ್ರಕಾರವೇ ಹಿಡಿಯಬೇಕು.

ಹಾಗಾಗಿ ಸಮಿತಿಯ ಮುಂದೆ ನನ್ನ ಸಲಹೆಗಳು ಇಷ್ಟು.

ಮೊದಲನೆಯದು, ಮಠದಲ್ಲಿ ಒಂದು ವಸತಿ ಪುಸ್ತಕ ಇರಲಿ. ಅದರಲ್ಲಿ ರಾತ್ರಿ ಉಳಿಯುವ ಎಲ್ಲರ ಹೆಸರೂ ಇರಲಿ. ಕಲಬುರಗಿಯ ಯಾತ್ರಿಕನದೂ ಇರಲಿ, ಕಟಕ್‌ನ ಕೂಲಿಕಾರನದೂ ಇರಲಿ. ಭಾಷೆ, ಧರ್ಮ ನೋಡಿ ಬೇರೆ ಪಟ್ಟಿ ಮಾಡುವುದು ಬೇಡ. ಒಬ್ಬ ವ್ಯಕ್ತಿಯ ಬಗ್ಗೆ ಪೊಲೀಸರು ಬರಹದಲ್ಲಿ ಕೇಳಿದರೆ, ಆ ವ್ಯಕ್ತಿಯ ವಿವರವನ್ನು ಬರಹದಲ್ಲಿ ಕೊಡೋಣ. ‘ಹೊರಗಿನವರೆಲ್ಲರ ಪಟ್ಟಿ ಕೊಡಿ’ ಎಂದರೆ, ಯಾವ ಕಾಯ್ದೆಯ ಯಾವ ಕಲಮಿನಡಿ ಎಂದು ವಿನಯದಿಂದ ಬರಹದಲ್ಲೇ ಕೇಳೋಣ.

ಎರಡನೆಯದು, ದಾಸೋಹದ ಸಾಲಿನಲ್ಲಿ ಯಾರಿಗೂ ಕಾಗದ ಕೇಳಬಾರದು. ನಮ್ಮ ಯುವಕರು ರಸ್ತೆಯಲ್ಲಿ ನಿಂತು ಯಾರ ಆಧಾರನ್ನೂ ಕೇಳಬಾರದು. ಆ ಅಧಿಕಾರ ಅವರಿಗೆ ಇಲ್ಲ, ಅದು ಅಪರಾಧವೂ ಆದೀತು.

ಮೂರನೆಯದು, ಹಿಡಿದೊಯ್ದವರ ಮನೆಯವರಿಗೆ ನೆರವಾಗಲು ಐದೂ ಊರಿನ ನಮ್ಮ ವಕೀಲರ ಒಂದು ಬಳಗ ಕಟ್ಟೋಣ. ಬಂಧಿಸಿದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಬಂಧನದ ಪತ್ರಕ್ಕೆ ಸಾಕ್ಷಿ ಸಹಿ ಇರಬೇಕು, 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಒಯ್ಯಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇವೆಲ್ಲ ಇವೆ. ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರ ನೆರವು ಸಿಗುತ್ತದೆ, ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿದರೆ ಸಾಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ಅದರ ಚಿತ್ರವನ್ನು ತಿಂಗಳುಗಟ್ಟಲೆ ಕಾದಿರಿಸಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರಾದರೂ ‘ಅವನು ಠಾಣೆಗೆ ಬಂದೇ ಇಲ್ಲ’ ಎಂದರೆ ಆ ಚಿತ್ರ ಕೇಳಿ. ತಾರೀಖು, ವೇಳೆ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು, ನಮ್ಮ ಶಾಸಕರಿಗೆ ಮಠಗಳ ಪರವಾಗಿ ಒಂದು ಮನವಿ ಹೋಗಲಿ. ವಲಸೆ ಪರಿಶೀಲನೆಗೆ ರಾಜ್ಯವು ಕನ್ನಡದಲ್ಲಿ ಲಿಖಿತ ನಿಯಮ ಪ್ರಕಟಿಸಲಿ. ಎಷ್ಟು ಜನರನ್ನು ಕರೆದರು, ಎಷ್ಟು ಜನ ಭಾರತೀಯರೇ ಎಂದು ಬಿಟ್ಟರು ಎಂಬ ಲೆಕ್ಕ ಜಿಲ್ಲಾವಾರು ಹೊರಬರಲಿ. ಜಿಲ್ಲಾ ದೂರು ಪ್ರಾಧಿಕಾರಕ್ಕೆ ಸುಪ್ರೀಂ ಕೋರ್ಟ್ ಹೇಳಿದಂತೆ ನಿವೃತ್ತ ನ್ಯಾಯಾಧೀಶರು ಇರಲಿ, ಅದರ ವಿಳಾಸ ಪ್ರತಿ ಠಾಣೆಯ ಗೋಡೆಯ ಮೇಲೆ ಇರಲಿ. ಸಂಖ್ಯೆ ತುಂಬಿಸುವ ಒತ್ತಡವನ್ನು ಪೊಲೀಸರ ಮೇಲೆ ಹಾಕದಿರಲಿ. ಆ ಎಳೆಯ ಪೊಲೀಸಪ್ಪನಿಗೂ ಇದರಿಂದ ಒಳಿತೇ ಆಗುತ್ತದೆ.

ಇವುಗಳಲ್ಲಿ ಯಾವುದೂ ಕಾನೂನಿಗೆ ವಿರುದ್ಧವಲ್ಲ, ಎಲ್ಲವೂ ಕಾನೂನನ್ನೇ ನಡೆಸಿ ಎಂದು ಕೇಳುವಂಥವು. ಸಮಿತಿ ಇವನ್ನು ತಿದ್ದಲಿ, ಕಡಿಮೆ ಮಾಡಲಿ, ಹೆಚ್ಚು ಮಾಡಲಿ. ಆದರೆ ಮಠದ ಹೆಸರಿನಲ್ಲಿ ಉಣ್ಣಲು ಬಂದವರ ಪಟ್ಟಿ ಠಾಣೆಗೆ ಹೋಗುವ ತೀರ್ಮಾನ ಮಾತ್ರ ಬೇಡ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.